ನಾಲೆ ಏರಿಯ ಮೇಲೆ ಕೊಡಚಾದ್ರಿ ತಯಾರಿ

ಗಾಜನೂರು ಎಂದರೆ ಸಾಕು, ಹೊರಗಿನವರು ‘ಓ, ರಾಜಕುಮಾರ್ ಅವರ ಊರಾ?’ ಎಂದು ಕಣ್ಣರಳಿಸುತ್ತಾರೆ. ಅಲ್ಲ. ಅಣ್ಣಾವ್ರ ಗಾಜನೂರು ಚಾಮರಾಜನಗರದ ಆಚೆ, ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯಲ್ಲಿದೆ. ನಮ್ಮದು ತುಂಗೆಯ ಗಾಜನೂರು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಬಂದರೆ ಅಣೆಕಟ್ಟು ಕಾಣುತ್ತದೆ. ಪುಟ್ಟ ಅಣೆಕಟ್ಟು, ಹಿಡಿಯುವುದು ಮೂರು ಟಿಎಂಸಿಗೆ ಸ್ವಲ್ಪ ಹೆಚ್ಚು ನೀರು, ಅಷ್ಟೆ. ಹಾಗಾಗಿ ಮುಂಗಾರು ಹಿಡಿದ ಕೆಲವೇ ದಿನಗಳಲ್ಲಿ ತುಂಬಿ, ಗೇಟು ತೆಗೆದರು ಎಂದು ಪೇಪರಿನಲ್ಲಿ ಫೋಟೋ ಬರುತ್ತದೆ. ಆಗ ಇಡೀ ಶಿವಮೊಗ್ಗ ಇಲ್ಲಿಗೆ ಬಂದು ಜೋಳ ತಿನ್ನುತ್ತಾ ನಿಲ್ಲುತ್ತದೆ. ಉಳಿದ ಹತ್ತು ತಿಂಗಳು ಊರು ನಮ್ಮದೇ.

ದಸರಾ ರಜೆ ಮುಗಿದ ವಾರ ನನ್ನ ಮೊಮ್ಮಗಳು ಪುಟ್ಟಿ ಶಾಲೆಯಿಂದ ಬಂದವಳು ಏನೂ ಹೇಳದೆ ಓದಲು ಕೂತಳು. ಅದೇ ನನಗೆ ಅನುಮಾನ ತರಿಸಿದ್ದು. ರಾತ್ರಿ ಅವಳ ಪುಸ್ತಕ ಎತ್ತಿಡುವಾಗ ಸಮಾಜ ಪಠ್ಯದೊಳಗೆ ನಾಲ್ಕು ಮಡಿಕೆ ಮಾಡಿದ ಕಾಗದ ಸಿಕ್ಕಿತು. ದೀಪಾವಳಿ ಆದ ಮೇಲೆ ಏಳನೇ ತರಗತಿ ಮಕ್ಕಳಿಗೆ ಕೊಡಚಾದ್ರಿ ಚಾರಣ. ಕೆಳಗೆ ‘ತರಬೇಕಾದ ಸಾಮಾನು’ ಎಂದು ಹದಿನಾಲ್ಕು ಸಾಲು: ಚಾರಣದ ಶೂ, ಬ್ಯಾಕ್‌ಪ್ಯಾಕ್, ಮಳೆ ಜಾಕೆಟ್, ಸ್ಲೀಪಿಂಗ್ ಬ್ಯಾಗ್, ಹೆಡ್ ಟಾರ್ಚ್, ಟ್ರೆಕ್ಕಿಂಗ್ ಕೋಲು... ಪಕ್ಕದಲ್ಲಿ ಪುಟ್ಟಿ ಪೆನ್ಸಿಲಿನಲ್ಲಿ ಬೆಲೆ ಬರೆದು ಕೂಡಿದ್ದಳು. 11,400 ರೂಪಾಯಿ. ಅದರ ಕೆಳಗೆ ‘ನನಗೆ ಹೋಗಲು ಇಷ್ಟವಿಲ್ಲ’ ಎಂದು ಬರೆದು, ಅಳಿಸಿ, ಮತ್ತೆ ಬರೆದಿದ್ದಳು.

ಅವಳಪ್ಪ ಗೂಡ್ಸ್ ಆಟೋ ಓಡಿಸುತ್ತಾನೆ. ಆ ತಿಂಗಳು ಇಂಜಿನ್ ಬಿಚ್ಚಿಸಿದ್ದ. ಹುಡುಗಿಗೆ ಎಲ್ಲವೂ ಗೊತ್ತಿತ್ತು. ಹನ್ನೆರಡು ವರ್ಷಕ್ಕೇ ಮನೆಯ ಲೆಕ್ಕ ತಿಳಿದ ಮಕ್ಕಳನ್ನು ಕಂಡರೆ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚು.

ನನ್ನ ಹತ್ತಿರ ಗೃಹಲಕ್ಷ್ಮಿಯ ಎರಡು ಸಾವಿರ ಇತ್ತು. ‘ಇಷ್ಟರಲ್ಲಿ ಆಗದಿದ್ದರೆ ಆಮೇಲೆ ಇಷ್ಟವಿಲ್ಲ ಅನ್ನು’ ಎಂದು ಕಾಗದ ವಾಪಸು ಕೊಟ್ಟೆ.

ಮೊದಲ ಉಳಿತಾಯ ಒಂದು ಫೋನಿನಲ್ಲಿ ಆಯಿತು. ಮೇಷ್ಟ್ರನ್ನು ಕೇಳಿದೆ: ‘ಮಕ್ಕಳು ಮಲಗುವುದು ಎಲ್ಲಿ?’ ಕೆಳಗೆ ಒಂದು ಸಭಾಂಗಣದಲ್ಲಿ, ಚಾಪೆ ಅವರೇ ಕೊಡುತ್ತಾರಂತೆ. ಹಾಗಾದರೆ ಸ್ಲೀಪಿಂಗ್ ಬ್ಯಾಗ್ ಯಾಕೆ? ಮೇಷ್ಟ್ರು ನಕ್ಕರು. ಯಾವುದೋ ಹಿಮಾಲಯ ಚಾರಣದ ಪಟ್ಟಿಯನ್ನು ಹಾಗೇ ಇಳಿಸಿದ್ದರಂತೆ. ಕೊಡಚಾದ್ರಿ 1,343 ಮೀಟರ್. ಎತ್ತರವೇನೋ ಹೌದು, ಆದರೆ ಅಲ್ಲಿ ಹಿಮ ಬೀಳುವುದಿಲ್ಲ. ಹದಿನಾಲ್ಕು ಸಾಲಿನ ಪಟ್ಟಿ ಏಳಕ್ಕೆ ಇಳಿಯಿತು.

ಇನ್ನು ಶೂ. ಅಟ್ಟದ ಮೇಲೆ ಒಂದು ಜೊತೆ ಇತ್ತು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗಳು ಆರು ವರ್ಷದ ಹಿಂದೆ ಬಿಟ್ಟುಹೋದದ್ದು, ದುಬಾರಿ ವಿದೇಶಿ ಶೂ. ಎರಡು ಸಲವೂ ಹಾಕಿರಲಿಲ್ಲ. ಒರೆಸಿದರೆ ಹೊಸದರ ಹಾಗೆ ಹೊಳೆಯಿತು. ಪುಟ್ಟಿಯ ಕಾಲಿಗೂ ಸರಿಹೋಯಿತು. ನಾನಂತೂ ಅರ್ಧ ಬೆಟ್ಟ ಹತ್ತಿದಷ್ಟು ಖುಷಿಪಟ್ಟೆ.

ಭಾನುವಾರ ಬೆಳಿಗ್ಗೆ ಅದನ್ನು ಹಾಕಿಸಿ ನಾಲೆ ಏರಿಯ ಮೇಲೆ ನಡೆಯಲು ಹೊರಟೆವು. ನಮ್ಮೂರಿನಿಂದ ಹೊರಡುವ ತುಂಗಾ ಮೇಲ್ದಂಡೆ ನಾಲೆ ಹಾವೇರಿ ಜಿಲ್ಲೆಯವರೆಗೂ ಹೋಗುತ್ತದೆ. ಅಷ್ಟು ದೂರ ನಡೆಯುವ ಹುಚ್ಚು ನಮಗಿರಲಿಲ್ಲ ಬಿಡಿ. (ಮಕ್ಕಳೇ, ನಾಲೆಯ ನೀರು ನಿಧಾನ ಕಂಡರೂ ಸೆಳೆತ ಜೋರು. ನಡೆಯುವುದಿದ್ದರೆ ದೊಡ್ಡವರ ಜೊತೆ, ನೀರಿನಿಂದ ದೂರದ ಅಂಚಿನಲ್ಲಿ.) ಒಂದು ಕಿಲೋಮೀಟರ್ ಆಗಿರಬಹುದು. ‘ಅಜ್ಜೀ, ಬಲಗಾಲು ಹಗುರ ಆಗಿದೆ’ ಎಂದಳು. ತಿರುಗಿ ನೋಡಿದರೆ ಶೂವಿನ ಅಟ್ಟೆ ಹತ್ತು ಹೆಜ್ಜೆ ಹಿಂದೆ ದಾರಿಯಲ್ಲಿ ಬಿದ್ದಿತ್ತು! ಎತ್ತಿಕೊಂಡರೆ ಹಳೇ ರಸ್ಕಿನಂತೆ ಪುಡಿಪುಡಿಯಾಯಿತು. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಎಡಗಾಲಿನದೂ ಕಳಚಿತು. ಪುಟ್ಟಿ ಬರಿಗಾಲಲ್ಲಿ ಮನೆಗೆ ಬಂದಳು, ದಾರಿಯುದ್ದಕ್ಕೂ ನಗುತ್ತಾ. ನನಗೆ ಮಾತ್ರ ನಗು ಬರಲಿಲ್ಲ. ಅದೇ ಅಟ್ಟೆ ಬೆಟ್ಟದ ಇಳಿಜಾರಿನಲ್ಲಿ ಕಳಚಿದ್ದರೆ?

ಯಾಕೆ ಹೀಗಾಯಿತು ಎಂಬುದನ್ನು ಶಿವಮೊಗ್ಗದಲ್ಲಿ ಒಬ್ಬ ಚಮ್ಮಾರರು ಬಿಡಿಸಿ ಹೇಳಿದರು. ಹಗುರವಾಗಿ, ಮೆತ್ತಗಿರಲಿ ಎಂದು ಹಲವು ದುಬಾರಿ ಶೂಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಎಂಬ ನೊರೆಯಂಥ ಪ್ಲಾಸ್ಟಿಕ್ ಬಳಸುತ್ತಾರೆ. ಗಾಳಿಯಲ್ಲಿರುವ ತೇವ ಅದರೊಳಗೆ ಹೊಕ್ಕು ವರ್ಷಾನುಗಟ್ಟಲೆ ನಿಧಾನವಾಗಿ ಅದನ್ನು ಒಡೆಯುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಮುಚ್ಚಿಟ್ಟ ಶೂಗಳಿಗೇ ಈ ಕಾಯಿಲೆ ಹೆಚ್ಚು. ‘ಹಾಕ್ಕೊಂಡು ಸವೆಸಿದ್ರೆ ಇನ್ನೂ ಬಾಳ್ತಿತ್ತಮ್ಮ’ ಎಂದರು ಅವರು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಯೇ ಬೆವರುತ್ತದೆ. ಇನ್ನು ಶೂ ಏನು ಮಾಡೀತು! ಗಟ್ಟಿ ರಬ್ಬರಿನ ಅಟ್ಟೆಗೆ ಈ ತೊಂದರೆ ಇಲ್ಲ. ಯಾರಾದರೂ ಹಳೇ ಚಾರಣದ ಶೂ ಕೊಟ್ಟರೆ ಅಥವಾ ಅಂಗಡಿಯಲ್ಲಿ ‘ಹಳೇ ಸ್ಟಾಕು, ಅರ್ಧ ಬೆಲೆ’ ಎಂದರೆ ಈಗ ನಾನು ಮೊದಲು ಅಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ, ಬಗ್ಗಿಸಿ, ಬಿರುಕು ಹುಡುಕುತ್ತೇನೆ.

ಸರಿ, ಸೋಮವಾರ ಸಂಜೆ ಸರ್ಕಾರಿ ಬಸ್ಸು ಹಿಡಿದು ಇಬ್ಬರೂ ಶಿವಮೊಗ್ಗಕ್ಕೆ ಹೋದೆವು. ಶಕ್ತಿ ಯೋಜನೆಯ ಕೃಪೆ, ಟಿಕೆಟ್ ಸೊನ್ನೆ. ಸಂಜೆ ಹೋದದ್ದಕ್ಕೆ ಕಾರಣವಿದೆ. ದಿನವಿಡೀ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಟ್ಟ ಹತ್ತುವಾಗಲೂ ಹಾಗೆಯೇ. ಬೆಳಿಗ್ಗೆ ಸರಿಯಾಗಿ ಕೂತ ಶೂ ಮಧ್ಯಾಹ್ನ ಕಚ್ಚುತ್ತದೆ. ನೆಹರೂ ರಸ್ತೆಯ ಅಂಗಡಿಯಲ್ಲಿ ಮೊದಲು ಕೊಂಡದ್ದು ಎರಡು ಜೊತೆ ದಪ್ಪ ಕಾಲುಚೀಲ, 200 ರೂಪಾಯಿ. ಅದನ್ನು ಹಾಕಿಕೊಂಡೇ ಶೂ ಅಳತೆ ನೋಡಿದಳು. ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಜಾಗ ಬಿಡಿಸಿದೆ. ಇಲ್ಲದಿದ್ದರೆ ಇಳಿಯುವಾಗ ಉಗುರು ಮುಂದಕ್ಕೆ ಬಡಿದು ಕಪ್ಪಾಗುತ್ತದೆ. ಅಟ್ಟೆ ಬೆರಳಿನ ಬುಡದಲ್ಲಿ ಬಗ್ಗಬೇಕು, ನಟ್ಟನಡುವೆ ಮಡಚಬಾರದು. ಅಡಿಯಲ್ಲಿ ಆಳವಾದ ಹಲ್ಲುಗಳಿರಬೇಕು. ಅಂಗಡಿಯ ಹುಡುಗ ಮೂರು ಸಾವಿರದ್ದನ್ನೇ ಹೊಗಳುತ್ತಿದ್ದ. ನಾನು ನಾಲ್ಕನೇ ಡಬ್ಬಿಯ 990 ರೂಪಾಯಿಯ ರಬ್ಬರ್ ಅಟ್ಟೆ ಶೂ ತೆಗೆದುಕೊಂಡೆ. ನೋಡಲು ಚೆಂದವಿಲ್ಲ, ಬೂದಿ ಬಣ್ಣ. ಪುಟ್ಟಿ ಮುಖ ಸ್ವಲ್ಪ ಸಣ್ಣದು ಮಾಡಿಕೊಂಡಳು. ಸುಳ್ಳು ಯಾಕೆ ಹೇಳಲಿ, ನನಗೂ ಪಕ್ಕದ ಗುಲಾಬಿ ಗೆರೆಯದ್ದೇ ಇಷ್ಟವಾಗಿತ್ತು.

ಅರ್ಧ ಹಣ ಕಾಲಿಗೇ ಹೋಯಿತು. ಅದು ಸರಿಯೇ ಎಂದು ಈಗಲೂ ಅನ್ನುತ್ತೇನೆ. ಬೇರೆ ಏನು ಕೈಕೊಟ್ಟರೂ ಮನೆಗೆ ಬರಬಹುದು, ಕಾಲು ಕೈಕೊಟ್ಟರೆ ಹೊತ್ತುಕೊಂಡೇ ಬರಬೇಕು.

ಉಳಿದದ್ದು ಗಾಂಧಿ ಬಜಾರಿನಲ್ಲಿ. ಫುಟ್‌ಬಾಲ್ ಆಡುವವರು ಹಾಕುವಂಥ ಪಾಲಿಯೆಸ್ಟರ್ ಬನಿಯನ್ನು 180. ಹತ್ತಿ ಬಟ್ಟೆ ನಮಗೆ ಸುಖ, ಆದರೆ ಬೆವರು, ಮಳೆ ಕುಡಿದರೆ ಒಣಗುವುದಿಲ್ಲ. ಗಾಳಿ ಬೀಸಿದಾಗ ಮೈಗೆ ಅಂಟಿ ನಡುಕ ಹುಟ್ಟಿಸುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ, ನೆಂದರೆ ಕಲ್ಲಿನ ಭಾರ. ಉಣ್ಣೆ ಮಾತ್ರ ನೆಂದರೂ ಬೆಚ್ಚಗಿಡುತ್ತದೆ. ನಮ್ಮ ಹಿರಿಯರು ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ. ಹಾಗಾಗಿ ಹಳೇ ಉಣ್ಣೆಯ ಸ್ವೆಟರ್ ಪಟ್ಟಿಗೆ ಸೇರಿತು. ಮಳೆಕೋಟು 380. ಮನೆಗೆ ತಂದು ಪುಟ್ಟಿಗೆ ಹಾಕಿಸಿ ಬಚ್ಚಲಿನ ನಲ್ಲಿಯ ಕೆಳಗೆ ನಿಲ್ಲಿಸಿದೆ. ಎಡ ಹೆಗಲ ಹೊಲಿಗೆಯಲ್ಲಿ ತೊಟ್ಟಿಕ್ಕಿತು. ಮರುದಿನ ತೋರಿಸಿದರೆ ಅಂಗಡಿಯವರು ಮಾತಿಲ್ಲದೆ ಬೇರೆ ಕೊಟ್ಟರು. ಹೆಡ್ ಟಾರ್ಚ್ 150, ರಾತ್ರಿ ಗದ್ದೆಗೆ ನೀರು ಕಟ್ಟುವವರು ತಲೆಗೆ ಕಟ್ಟಿಕೊಳ್ಳುವಂಥದೇ. ದಪ್ಪ ಪ್ಲಾಸ್ಟಿಕ್ ಚೀಲ ನಾಲ್ಕು, 40 ರೂಪಾಯಿ. ಬ್ಯಾಗಿಗೆ ಹೊರಗಿನಿಂದ ಹೊದಿಕೆ ಕೊಳ್ಳುವ ಬದಲು, ಶಾಲೆಯ ಚೀಲದ ಒಳಗೇ ಈ ಪ್ಲಾಸ್ಟಿಕ್ ಚೀಲ ಇಟ್ಟು ಬಟ್ಟೆ ತುಂಬಿ ಬಾಯಿ ಕಟ್ಟಿದರೆ ಒಂದು ಹನಿಯೂ ಇಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿ: 1,940. ಉಳಿದ ಅರವತ್ತಕ್ಕೆ ಇಬ್ಬರೂ ಮಸಾಲೆ ಮಂಡಕ್ಕಿ ತಿಂದೆವು.

ಕೊಳ್ಳದೇ ಸಿಕ್ಕಿದ್ದೂ ಇದೆ. ಕೋಲಿಗೆ ಹಿತ್ತಲಿನ ಬಿದಿರು. ಉಂಬಳಕ್ಕೆ (ಕೆಲವರು ಇಂಬಳ ಎನ್ನುತ್ತೀರಿ) ನಾನೇ ಕಾಲುಚೀಲ ಹೊಲಿದೆ. ಉಂಬಳ ಹೆಣೆದ ಸಾಕ್ಸಿನ ಸಂದಿಯಲ್ಲಿ ನುಸುಳುತ್ತದೆ, ಒತ್ತಾಗಿ ನೇಯ್ದ ಬಟ್ಟೆಯಲ್ಲಿ ನುಸುಳಲಾರದು. ಹಳೇ ಪಂಚೆಯನ್ನು ಎರಡು ಪದರ ಮಾಡಿ, ಪಾದದಿಂದ ಮೊಣಕಾಲಿನವರೆಗೆ ಚೀಲದಂತೆ ಹೊಲಿದು, ಮೇಲೆ ಲಾಡಿ ಕಟ್ಟಿದೆ. ಸಾಕ್ಸಿನ ಮೇಲೆ ಇದನ್ನು ಹಾಕಿ, ಆಮೇಲೆ ಶೂ. ಬಿಳಿ ಬಟ್ಟೆಯಾದ್ದರಿಂದ ಹತ್ತುವ ಉಂಬಳ ಕಣ್ಣಿಗೂ ಬೀಳುತ್ತದೆ. ಜೊತೆಗೆ ಉಪ್ಪಿನ ಪೊಟ್ಟಣ ಇದ್ದೇ ಇರುತ್ತದಲ್ಲ.

ಆಮೇಲೆ ಮೂರು ಭಾನುವಾರ ನಮ್ಮ ನಡಿಗೆ. ಹೊಸ ಶೂವನ್ನು ನೇರ ಬೆಟ್ಟಕ್ಕೆ ಒಯ್ದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದು ಖಂಡಿತ. ಮೊದಲ ವಾರ ನಾಲೆ ಏರಿ, ಎರಡನೆಯ ವಾರ ಸಕ್ರೆಬೈಲಿನವರೆಗೆ. ರಾತ್ರಿ ಕಾಡಿಗೆ ಬಿಟ್ಟ ಆನೆಗಳನ್ನು ಮಾವುತರು ಬೆಳಿಗ್ಗೆ ಹುಡುಕಿ ತಂದು ತುಂಗೆಯ ಹಿನ್ನೀರಿನಲ್ಲಿ ಮೀಯಿಸುತ್ತಾರೆ. ಅವರಲ್ಲಿ ಒಬ್ಬರ ಕಾಲನ್ನು ಪುಟ್ಟಿ ನೋಡುತ್ತಲೇ ಇದ್ದಳು. ಹವಾಯಿ ಚಪ್ಪಲಿ! ‘ಅವರಿಗೆ ಯಾರೂ ಪಟ್ಟಿ ಕೊಟ್ಟಿಲ್ಲ’ ಎಂದಳು. ಅವರ ಕಾಲು ಹುಟ್ಟಿದಾಗಿನಿಂದ ಕಾಡು ತುಳಿದದ್ದು, ನಿನ್ನದು ಬಸ್ಸು ಹತ್ತಿದ್ದು ಎಂದೆ.

ವಾಪಸು ಬರುವಾಗ ಅವಳಿಗೆ ಅಮೆರಿಕದ ಎಮ್ಮಾ ಗೇಟ್‌ವುಡ್ ಅಜ್ಜಿಯ ಕಥೆ ಹೇಳಿದೆ. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಪಲೇಷಿಯನ್ ಟ್ರೈಲ್ ಎಂಬ ಬೆಟ್ಟದ ದಾರಿಯ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್‌ಗಳನ್ನು ಒಬ್ಬಳೇ 146 ದಿನಗಳಲ್ಲಿ ನಡೆದಳು. ಕಾಲಿಗೆ ಸಾಧಾರಣ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಬಟ್ಟೆಯ ಗಂಟು, ಮಳೆ ಬಂದರೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಹಿಂದಿನ ವರ್ಷ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮರಳಿದ್ದಳು, ಅದನ್ನೂ ಹೇಳಿದೆ. ‘ಶೂ ಹರಿಯಲಿಲ್ವಾ?’ ಎಂದಳು ಪುಟ್ಟಿ. ಹರಿದವು, ಹಲವು ಜೊತೆ.

ಮೂರನೆಯ ವಾರ ಬೆನ್ನಿಗೆ ಚೀಲವನ್ನೂ ಹಾಕಿಸಿದೆ. ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿಯ ಪ್ರಕಾರ ಮಕ್ಕಳ ಚೀಲ ಅವರ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಪುಟ್ಟಿ 36 ಕಿಲೋ, ಅಂದರೆ ಚೀಲ 3.6. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಐದು ಕಿಲೋ ಬಂತು. ಸ್ಟೀಲ್ ನೀರಿನ ಬಾಟಲಿ, ಎರಡನೇ ಟವೆಲ್, ನಾನೇ ತುರುಕಿದ್ದ ಚಕ್ಕುಲಿ ಡಬ್ಬಿ ಹೊರಬಂದವು. ಚಕ್ಕುಲಿ ಕಾಗದದ ಪೊಟ್ಟಣದಲ್ಲಿ ಮತ್ತೆ ಒಳಗೆ ಹೋಯಿತು, ಅಷ್ಟರಮಟ್ಟಿಗೆ ನಾನು ಸೋಲಲಿಲ್ಲ.

ಹೋಗಿ ಬಂದಳು. ಸರ್ವಜ್ಞ ಪೀಠದ ಕಲ್ಲು ಮಂಟಪದ ಹತ್ತಿರ ಗಾಳಿ ಅವಳ ಟೋಪಿಯನ್ನು ಕಣಿವೆಗೆ ಹಾರಿಸಿತಂತೆ. ಅದು ನನ್ನ ತಪ್ಪು. ಎಲ್ಲ ಪರೀಕ್ಷೆ ಮಾಡಿದವಳು ಟೋಪಿಗೆ ಗಲ್ಲದ ದಾರ ಹೊಲಿಯಲು ಮರೆತಿದ್ದೆ. ಮಳೆಯೂ ಅರ್ಧ ಗಂಟೆ ಹೊಡೆಯಿತಂತೆ, ಚೀಲದ ಒಳಗೆ ಬಟ್ಟೆ ಗರಿಗರಿ. ಬೊಬ್ಬೆ ಇಲ್ಲ. ಉಂಬಳ ಒಂದೂ ಕಚ್ಚಲಿಲ್ಲ, ಆದರೆ ಪಕ್ಕದ ಹುಡುಗಿಗೆ ಏಳು ಕಡೆ ಕಚ್ಚಿತ್ತಂತೆ. ಇಳಿಯುವಾಗ ತನ್ನ ಒಂದು ಕಾಲಿನ ಪಂಚೆಚೀಲವನ್ನು ಅವಳಿಗೆ ಬಿಚ್ಚಿಕೊಟ್ಟು, ಇಬ್ಬರೂ ಒಂದೊಂದು ಕಾಲಿಗೆ ಹಾಕಿಕೊಂಡು ಬಂದರಂತೆ.

ಕೆಂಪು ಮಣ್ಣು ಮೆತ್ತಿದ ಬೂದಿ ಬಣ್ಣದ ಶೂ ತೊಳೆದು, ಒಳಗೆ ಪೇಪರ್ ತುಂಬಿ, ನೆರಳಿನಲ್ಲಿ ಒಣಗಲು ಇಟ್ಟಿದ್ದೇನೆ. ಅಟ್ಟಕ್ಕೆ ಏರಿಸುವುದಿಲ್ಲ, ಶಾಲೆಗೂ ಅದನ್ನೇ ಹಾಕಿಕೊಂಡು ಹೋಗಲಿ. ಪುಟ್ಟಿಯ ತರಗತಿಯ ಐವರು ತಾಯಂದಿರು ಹಳೇ ಪಂಚೆ ಕಳಿಸಿದ್ದಾರೆ. ಹೊಲಿಗೆ ಯಂತ್ರದ ಮುಂದೆ ರಾಶಿ ಬಿದ್ದಿದೆ, ಲಾಡಿ ಮಾತ್ರ ಸಾಲದು.