ದೀಪಾವಳಿ ರಜೆ, ಸುಣ್ಣದ ಕಲ್ಲು ಮತ್ತು ಮಧ್ಯಾಹ್ನದ ಮಳೆ

"ಮಳೆಗಾಲ ಮುಗಿಯಲಿ, ಆಮೇಲೆ ಬಂಡೆ ಹತ್ತೋಣ" ಎಂದು ಊರಿನಲ್ಲಿ ಹೇಳಬಹುದು. ಮಲೇಷ್ಯಾದಲ್ಲಿ ಹಾಗೆ ಹೇಳಿ ಕೂತರೆ ಮಂಡಿ ಸವೆಯುವವರೆಗೂ ಕಾಯಬೇಕಾದೀತು. ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಅಲ್ಲಿ ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆಯಾದರೆ ಅದೇ ಒಳ್ಳೆಯ ವರ್ಷ. ಕ್ವಾಲಾಲಂಪುರದಲ್ಲಿ ಬೀಳುವುದು ಅದರ ಸುಮಾರು ನಾಲ್ಕು ಪಟ್ಟು. ಇಲ್ಲಿಗೆ ಬಂದ ಹೊಸದರಲ್ಲಿ ಆಸ್ಪತ್ರೆಯ ಕಿಟಕಿಯ ಬಳಿ ನಿಂತು, ಈ ಒಂದು ಮಧ್ಯಾಹ್ನದ ನೀರು ನಮ್ಮೂರ ಕೆರೆಗೆ ಸಿಕ್ಕಿದ್ದರೆ ಎಂದು ಹೊಟ್ಟೆ ಉರಿದುಕೊಂಡದ್ದುಂಟು.

ದುರ್ಗದ ಹುಡುಗರಿಗೆ ಬಂಡೆ ಹೊಸದಲ್ಲ. ಏಳು ಸುತ್ತಿನ ಕೋಟೆಯೇ ನಮ್ಮ ಆಟದ ಮೈದಾನ. ಈಗ ಅಲ್ಲಿಗೆ ಹೋದ ಪ್ರವಾಸಿಗರೆಲ್ಲ ಜ್ಯೋತಿರಾಜ್ ಹಗ್ಗವಿಲ್ಲದೆ ಗೋಡೆ ಏರುವುದನ್ನು ನೋಡಿ ಬೆರಗಾಗಿ ಬರುತ್ತಾರೆ. 'ಕೋತಿರಾಜ್' ಎಂದರೆ ಕನ್ನಡಿಗರಿಗೆಲ್ಲ ಗೊತ್ತು. ಆದರೆ ಅದು ಗ್ರಾನೈಟ್, ಬಿಸಿಲಿಗೆ ಕಾದ ಒರಟು ಕಲ್ಲು. ಮಳೆ ಬಂದರೂ ಗಾಳಿ ಬಿಸಿಲಿಗೆ ಬೇಗ ಒಣಗುತ್ತದೆ. ಬಾದಾಮಿಯ ಮರಳುಗಲ್ಲಿನ ಸ್ವಭಾವವೇ ಬೇರೆ. ಅದು ನೀರು ಕುಡಿದರೆ ಮೆತ್ತಗಾಗುತ್ತದೆ, ಹಿಡಿದ ತುಣುಕು ಕೈಗೇ ಕಿತ್ತು ಬರಬಹುದು. ಅದಕ್ಕೇ ಮಳೆಯಾದ ಮೇಲೆ ಅದನ್ನು ಚೆನ್ನಾಗಿ ಒಣಗಲು ಬಿಡುತ್ತಾರೆ. ಇನ್ನು ನಮ್ಮ ಬಾಟು ಕೇವ್ಸ್‌ನ ಸುಣ್ಣದ ಕಲ್ಲು? ಅದರ ಆಟವನ್ನು ನನಗೆ ಕಲಿಸಿದವಳು ನನ್ನ ಮಗಳು.

ಬಾಟು ಕೇವ್ಸ್ ಎಂದರೆ ನಮಗೆಲ್ಲ ನೆನಪಾಗುವುದು 272 ಮೆಟ್ಟಿಲು, 2006ರಲ್ಲಿ ಅನಾವರಣಗೊಂಡ ಮುರುಗನ ದೊಡ್ಡ ವಿಗ್ರಹ, ಮತ್ತು ಕೈಯಲ್ಲಿನ ಬಾಳೆಹಣ್ಣು ಕಿತ್ತುಕೊಳ್ಳುವ ಮಂಗಗಳು. ಅದೇ ಗುಡ್ಡದ ಬೇರೆ ಬದಿಗಳಲ್ಲಿ ಬಂಡೆ ಹತ್ತುವವರ ಲೋಕವೇ ಒಂದಿದೆ. ದಾಮಾಯ್ ಗೋಡೆ ಎಂಬಲ್ಲಿ ಬೋಲ್ಟ್ ಹೊಡೆದ ದಾರಿಗಳು ಸಾಲಾಗಿವೆ. ಮಗಳು ಕಾಲೇಜಿನ ದಿನಗಳಿಂದಲೂ ಅಲ್ಲಿ ಹತ್ತುತ್ತಾಳೆ. ನಾನು ಹತ್ತುವವನಲ್ಲ. ಐವತ್ತಾರರ ಮಂಡಿಗೆ ನೆಲವೇ ಕ್ಷೇಮ. ಆದರೆ ಕೆಳಗೆ ನಿಂತು ಹಗ್ಗ ಹಿಡಿಯುವುದನ್ನು, ಅವರ ಭಾಷೆಯಲ್ಲಿ 'ಬಿಲೇ' ಮಾಡುವುದನ್ನು, ಶಾಸ್ತ್ರೋಕ್ತವಾಗಿ ಕಲಿತಿದ್ದೇನೆ. ಮಗಳ ತೂಕ ಕೈಗೆ ಬಂದಾಗ ಏನನ್ನಿಸುತ್ತದೆ ಎಂದು ಬರೆಯಲು ಹೊರಟರೆ ಈ ಲೇಖನ ಬೇರೆ ದಾರಿ ಹಿಡಿದೀತು, ಬಿಡಿ.

ಫೆಬ್ರವರಿಯಲ್ಲಿ ಅವಳು ಕೆಲಸಕ್ಕೆಂದು ಮೆಲ್ಬರ್ನ್‌ಗೆ ಹೊರಡುತ್ತಾಳೆ. ಹೋಗುವ ಮುಂಚೆ ಸಂಘದ ಆರು ಮಕ್ಕಳನ್ನು ಒಮ್ಮೆ ಬಂಡೆಗೆ ಕರೆದೊಯ್ಯಬೇಕು, ತಾನು ಎರಡು ವರ್ಷದಿಂದ ಪ್ರಯತ್ನಿಸುತ್ತಿರುವ ಒಂದು ದಾರಿಯನ್ನು ಮುಗಿಸಬೇಕು ಎಂಬುದು ಅವಳ ಆಸೆ. ಎಲ್ಲರಿಗೂ ಒಟ್ಟಿಗೆ ಬಿಡುವಿದ್ದದ್ದು ದೀಪಾವಳಿ ರಜೆಗೆ ಅಂಟಿಕೊಂಡ ಶನಿವಾರ ಮಾತ್ರ. ದೀಪಾವಳಿ ಎಂದರೆ ಅಕ್ಟೋಬರ್-ನವೆಂಬರ್, ಅಂದರೆ ಕ್ವಾಲಾಲಂಪುರದಲ್ಲಿ ಜೋರು ಮಳೆಯ ಕಾಲ! "ರೀ, ನೀವು ಡಾಕ್ಟರು, ನೀವೇ ಬೇಡ ಅಂದರೆ ಮಕ್ಕಳು ಕೇಳುತ್ತಾರೆ" ಎಂದಳು ನನ್ನ ಶ್ರೀಮತಿ. ಬೇಡ ಎನ್ನುವುದು ಸುಲಭ. ನಾನು ಕಾಗದ ಪೆನ್ಸಿಲ್ ಹಿಡಿದು ಕೂತೆ.

ಮೊದಲಿಗೆ ಮಳೆಯ ಗಡಿಯಾರ. ಇಲ್ಲಿ ಮಳೆ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಮುಖ್ಯ. ಮಾರ್ಚ್-ಏಪ್ರಿಲ್ ಮತ್ತು ಅಕ್ಟೋಬರ್-ನವೆಂಬರ್ ಎರಡು ಮಾನ್ಸೂನ್‌ಗಳ ನಡುವಿನ ಕಾಲ. ಆಗ ಬೆಳಗಿನ ಬಿಸಿಲಿಗೆ ನೆಲ ಕಾದು, ಆವಿ ಮೇಲೇರಿ, ಮೋಡ ಕಟ್ಟಿ, ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನೊಂದಿಗೆ ಸುರಿಯುತ್ತದೆ. ವರ್ಷದ ಮಧ್ಯಭಾಗ ಕಡಿಮೆ ಮಳೆಯದೆಂದು ಹೆಸರು. ಆದರೆ ಆಗ ಮಲಾಕ್ಕಾ ಜಲಸಂಧಿ ದಾಟಿ ಬರುವ 'ಸುಮಾತ್ರಾ' ಬಿರುಗಾಳಿಗಳು ನಸುಕಿನಲ್ಲೋ ಬೆಳಿಗ್ಗೆಯೋ ಮೇಲೆ ಬೀಳುತ್ತವೆ. ಹೀಗಾಗಿ ಬೆಳಿಗ್ಗೆ ಮಾತ್ರ ಹತ್ತುವವನಿಗೆ ಹೆಚ್ಚು ಮಳೆಯ ಅಕ್ಟೋಬರ್ ಅಷ್ಟೇನೂ ಕೆಟ್ಟದ್ದಲ್ಲ. (ಪೂರ್ವ ಕರಾವಳಿಯ ಮಾತೇ ಬೇರೆ. ತಿಯೋಮಾನ್ ದ್ವೀಪದ ಜೋಡಿ ಕೋಡುಗಲ್ಲುಗಳನ್ನು ನವೆಂಬರಿನಿಂದ ಫೆಬ್ರವರಿವರೆಗೆ ಮರೆತುಬಿಡಿ.)

"ಅಪ್ಪ, ಆ ಗೋಡೆ ಹೊರಕ್ಕೆ ಬಾಗಿದೆ. ಮಳೆ ಬಂದರೂ ಒದ್ದೆ ಆಗಲ್ಲ" ಎಂದಳು ಮಗಳು. ಮಾತು ನಿಜ. ಸುಣ್ಣದ ಕಲ್ಲಿನ ಎಷ್ಟೋ ಗೋಡೆಗಳು ಕೊಡೆಯಂತೆ ಮುಂದಕ್ಕೆ ಚಾಚಿರುತ್ತವೆ. ಸುರಿಯುವ ಮಳೆಯಲ್ಲೂ ಅದರಡಿ ಒಣಗಿದ ಕಲ್ಲು ಹಿಡಿದು ಹತ್ತಬಹುದು. ತಮಾಷೆ ಏನೆಂದರೆ, ಗುಡ್ಡದ ನೆತ್ತಿಯಲ್ಲಿ ಬಿದ್ದ ನೀರು ಬಿರುಕುಗಳಲ್ಲಿ ಇಳಿದು, ತಾಸುಗಳೋ ದಿನಗಳೋ ಕಳೆದ ಮೇಲೆ ಅದೇ ಗೋಡೆಯಲ್ಲಿ ಜಿನುಗುತ್ತದೆ. ಮಳೆ ಬರುವಾಗ ಒಣಗಿದ್ದದ್ದು ಬಿಸಿಲು ಬಂದ ಮೇಲೆ ಒದ್ದೆ! ಅದೂ ಅಲ್ಲದೆ, ನೂರಾರು ಕೈಕಾಲು ತಾಗಿ ನುಣುಪಾದ ಸುಣ್ಣದ ಕಲ್ಲು ಒದ್ದೆಯಾದರೆ ಸೋಪಿನಂತೆ. ಈ ತೇವದಲ್ಲಿ ಬೋಲ್ಟುಗಳು ಒಳಗೊಳಗೇ ತುಕ್ಕು ಹಿಡಿಯುವುದೂ ಉಂಟು. ಥಾಯ್ಲೆಂಡಿನ ರೈಲೇ ತೀರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ನಂಬಲಾಗದೆ ಟೈಟಾನಿಯಂ ಬೋಲ್ಟ್ ಹಾಕಿದ್ದಾರೆ. ಆದ್ದರಿಂದ ಯಾವ ದಾರಿ ಎಂಬುದನ್ನು ಆ ಗೋಡೆಯನ್ನು ವಾರವಾರ ನೋಡುವ ಸ್ಥಳೀಯ ತರಬೇತುದಾರನೇ ಹೇಳಬೇಕು, ಅವನು ಒಪ್ಪದ ದಾರಿಗೆ ನಾವು ಹೋಗಕೂಡದು ಎಂಬುದು ನನ್ನ ಮೊದಲ ಷರತ್ತು.

ಗೋಡೆ ಒಣಗಿದ್ದರೆ ಸಾಲದು. ಅದರ ಕೆಳಗೆ ನಿಂತವರಿದ್ದಾರೆ, ಕಾರಿನವರೆಗೆ ನಡೆಯುವ ದಾರಿಯಿದೆ, ಮೇಲೆ ಸಿಡಿಲಿದೆ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ. ಕೂಡಲೇ ಭದ್ರವಾದ ಕಟ್ಟಡಕ್ಕೋ ಕಾರಿನೊಳಕ್ಕೋ ಹೋಗಬೇಕು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಗೆ ಬರಬಾರದು. ಗೋಡೆಯ ಮಧ್ಯದಲ್ಲಿ ಹಗ್ಗಕ್ಕೆ ತೂಗುತ್ತಿರುವವನು ಆ ಮೂವತ್ತು ಸೆಕೆಂಡು ಎಣಿಸಿ ಏನು ಮಾಡಿಯಾನು? ಗುಡುಗು ಕೇಳಿದ ಮೇಲೆ ಇಳಿಯುವುದಲ್ಲ, ಕೇಳುವ ಮುಂಚೆ ಇಳಿದಿರಬೇಕು. ಅದಕ್ಕೇ ಎರಡನೆಯ ಷರತ್ತು: ಏಳು ಗಂಟೆಗೆ ಶುರು, ಹನ್ನೆರಡೂವರೆಗೆ ಕೊನೆಯ ಹಗ್ಗ ಕೆಳಗೆ. ಆಕಾಶ ಹೇಗೇ ಇರಲಿ, ಯಾರು ಎಲ್ಲೇ ಇರಲಿ.

ಹಿಂದಿನ ರಾತ್ರಿ ಕಾಡಿನಂಚಿನಲ್ಲಿ ಡೇರೆ ಹಾಕೋಣ ಎಂದು ಹುಡುಗರ ಬೇಡಿಕೆ ಬಂತು. ಇದಕ್ಕೆ ಮಾತ್ರ ನಾನು ಚರ್ಚೆಗೇ ಆಸ್ಪದ ಕೊಡಲಿಲ್ಲ. 2022ರ ಡಿಸೆಂಬರ್ 16ರ ನಸುಕಿನಲ್ಲಿ ಬಾತಾಂಗ್ ಕಾಲಿಯಲ್ಲಿ ಗುಡ್ಡ ಕುಸಿದು, ಡೇರೆಗಳಲ್ಲಿ ಮಲಗಿದ್ದ 31 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಶಾಲಾ ರಜೆಯ ದಿನಗಳು, ನಮ್ಮ ನಿಮ್ಮಂಥ ಸಂಸಾರಗಳು. ಜಲಪಾತದ ಸ್ನಾನಕ್ಕೂ ಇಲ್ಲ ಎಂದೆ. ಮಲಯರು 'ಕೆಪಾಲಾ ಆಯರ್' ಎನ್ನುತ್ತಾರೆ, ನೀರಿನ ತಲೆ ಎಂದು. ಮೇಲೆಲ್ಲೋ ಮಳೆಯಾಗಿ, ಕೆಳಗೆ ಬಿಸಿಲಿರುವಾಗಲೇ ಹಳ್ಳ ಗೋಡೆಯಂತೆ ನುಗ್ಗಿ ಬರುವುದು. ತಲೆ ಕಂಡಾಗ ಓಡಲು ಸಮಯವಿರುವುದಿಲ್ಲ.

ಇನ್ನು ನನ್ನ ಸ್ವಂತ ಕ್ಷೇತ್ರ. ಬಂಡೆ ಎಂದರೆ ಎಲ್ಲರೂ ಮೂಳೆ ಮುರಿಯುವುದನ್ನು ನೆನೆಯುತ್ತಾರೆ. ನನಗೆ ಮಳೆಯಲ್ಲಿ ಹೆದರಿಕೆ ಇಲಿ ಜ್ವರದ್ದು. ನಮ್ಮ ಉಡುಪಿ, ಮಂಗಳೂರು ಕಡೆಯವರಿಗೆ ಗದ್ದೆ ಕೆಲಸದ ದಿನಗಳಿಂದ ಗೊತ್ತಿರುವ ಲೆಪ್ಟೋಸ್ಪೈರೋಸಿಸ್. ಇಲ್ಲಿಯವರು ನೇರವಾಗಿ 'ಕೆಂಚಿಂಗ್ ಟಿಕುಸ್', ಇಲಿಯ ಮೂತ್ರ, ಎಂದೇ ಕರೆಯುತ್ತಾರೆ. ರೋಗಾಣು ಮಳೆಯ ನೀರಿನಲ್ಲಿ, ಕೆಸರಿನಲ್ಲಿ ಬದುಕಿದ್ದು, ಗೀರಿದ ಚರ್ಮದಿಂದಲೋ ಕಣ್ಣು ಬಾಯಿಯಿಂದಲೋ ಒಳಸೇರುತ್ತದೆ. ಬಂಡೆ ಹತ್ತುವವನ ಹತ್ತು ಬೆರಳಲ್ಲಿ ಎಂಟು ಗೀರಿಯೇ ಇರುತ್ತವೆ! 2000ನೇ ಇಸವಿಯಲ್ಲಿ ಸಾಬಾದಲ್ಲಿ ನಡೆದ ಇಕೋ ಚಾಲೆಂಜ್ ಸಾಹಸ ಸ್ಪರ್ಧೆಯಲ್ಲಿ ಸೆಗಾಮಾ ನದಿಯ ನೀರಿನಲ್ಲಿದ್ದ ಗಟ್ಟಿಮುಟ್ಟಾದ ಸ್ಪರ್ಧಿಗಳು, ತಂತಮ್ಮ ದೇಶಗಳಿಗೆ ಮರಳಿದ ಮೇಲೆ ಒಬ್ಬೊಬ್ಬರಾಗಿ ಜ್ವರಕ್ಕೆ ಬಿದ್ದರು. ಜ್ವರ ಬರಲು ಒಂದೆರಡು ವಾರ, ಕೆಲವೊಮ್ಮೆ ತಿಂಗಳೇ ಆಗಬಹುದು. ಅಷ್ಟರಲ್ಲಿ ಪ್ರವಾಸವೇ ಮರೆತಿರುತ್ತದೆ.

ಆದ್ದರಿಂದ ಗಾಯಕ್ಕೆ ನೀರು ತಾಗದ ಪಟ್ಟಿ, ಮುಚ್ಚಿದ ಬೂಟು, ತಿನ್ನುವ ಮುಂಚೆ ಸೋಪು ಹಾಕಿ ಕೈ ತೊಳೆಯುವುದು ಎಂದು ಬರೆದೆ. ತಾಯಂದಿರಿಗೆ ಬೇರೆಯೇ ಒಂದು ಚೀಟಿ ಕೊಟ್ಟೆ: ಮುಂದಿನ ನಾಲ್ಕು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡ ಮಾಡಬೇಡಿ, ಡಾಕ್ಟರಿಗೆ "ಇಂಥ ದಿನ ಕಾಡಿನ ಕೆಸರಿನಲ್ಲಿದ್ದೆ" ಎಂದು ಹೇಳಿ. ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್, ಬ್ರೂಫೆನ್ ಬೇಡ. ಆ ಚೀಟಿ ಓದಿ ಒಬ್ಬ ತಾಯಿ "ಡಾಕ್ಟ್ರೇ, ಪಿಕ್‌ನಿಕ್ಕೋ ಆಪರೇಷನ್ನೋ?" ಎಂದರು.

ಶನಿವಾರ ಬೆಳಿಗ್ಗೆ ಹೊರಟೆವು. ಹವಾಮಾನ ಇಲಾಖೆಯ ಮುನ್ಸೂಚನೆ ಮಧ್ಯಾಹ್ನಕ್ಕೆ ಗುಡುಗು ಮಳೆ ಎಂದಿತ್ತು. ಆರೂ ಮಕ್ಕಳು ಸುಲಭದ ದಾರಿಗಳನ್ನು ಹತ್ತಿ ಇಳಿದರು. ಹದಿಮೂರರ ಹುಡುಗನೊಬ್ಬ ಅರ್ಧದಲ್ಲಿ ಅತ್ತು, ಅತ್ತುಕೊಂಡೇ ಮೇಲೆ ಮುಟ್ಟಿದ. ಅವುಗಳ ಸರದಿ ಮುಗಿಯುವ ಹೊತ್ತಿಗೆ ಹನ್ನೊಂದೂಮುಕ್ಕಾಲು. ಮಗಳು ತನ್ನ ದಾರಿಗೆ ಕೈ ಹಚ್ಚಿದಳು, ನಾನು ಹಗ್ಗ ಹಿಡಿದೆ. ಹನ್ನೆರಡೂವರೆಗೆ ಅವಳಿನ್ನೂ ಎರಡು ಬೋಲ್ಟ್ ಕೆಳಗಿದ್ದಳು. ಆಕಾಶದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಮೋಡ, ಅಷ್ಟೇ.

"ಅಪ್ಪ, ಹತ್ತೇ ನಿಮಿಷ."

"ಇಳಿ, ಪುಟ್ಟ."

ತರಬೇತುದಾರ ನನ್ನ ಮುಖ ನೋಡಿದ, ಮಾತಾಡಲಿಲ್ಲ. ಮಕ್ಕಳೂ ಸುಮ್ಮನಾದವು. ಅವಳು ಸ್ವಲ್ಪ ಹೊತ್ತು ಹಗ್ಗಕ್ಕೆ ತೂಗಿಕೊಂಡೇ ಇದ್ದಳು. ಆಮೇಲೆ ಆ ಬೋಲ್ಟಿಗೆ ಒಂದು ಕ್ಯಾರಬಿನರ್ ಬಿಟ್ಟು, ಅದರಿಂದಲೇ ಇಳಿದು ಬಂದಳು. ಕಾರಿನಲ್ಲಿ ಮಾತಿಲ್ಲ. ರವಾಂಗ್ ರಸ್ತೆಯ ಬಾಳೆಲೆ ಊಟದಲ್ಲಿ ರಸಂ ಬರುವವರೆಗೂ ಮಾತಿಲ್ಲ.

ಅಂದು ಮಳೆ ಬಂದದ್ದು ಸಂಜೆ ಆರೂವರೆಗೆ. ಸಂಘದ ಗೆಳೆಯರು ಈಗಲೂ ನನ್ನನ್ನು ಕಂಡರೆ ಗಡಿಯಾರ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಮುಂದಿನ ಸಲವೂ ಹನ್ನೆರಡೂವರೆಯೇ.

ರಾತ್ರಿ ಅವಳೇ ಕ್ಯಾಲೆಂಡರ್ ತಂದು ಎದುರು ಕೂತಳು. ಜನವರಿಯಲ್ಲಿ ಇಲ್ಲಿ ಮಳೆ ಸ್ವಲ್ಪ ಕಡಿಮೆ, ತೈಪೂಸಂ ಜನಸಂದಣಿಗೆ ಮುಂಚೆ ಒಂದು ಶನಿವಾರ ಸಿಗುತ್ತದೆ. ಈ ಸಲ ಮೊದಲು ಅವಳ ಸರದಿ, ಆಮೇಲೆ ಮಕ್ಕಳದು. ಜೊತೆಗೆ ಬರಬಯಸುವವರು ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಿ, ಬೆಳಿಗ್ಗೆ ಆರಕ್ಕೆ ಸಿದ್ಧರಿರಿ. ಆ ಕ್ಯಾರಬಿನರನ್ನು ಅಷ್ಟರೊಳಗೆ ಯಾರೂ ಬಿಚ್ಚಿಕೊಂಡು ಹೋಗಿರದಿದ್ದರೆ ಅದನ್ನೂ ತರಬೇಕು.