ಲಕೋಟೆಯಲ್ಲಿ ಬಂದ ಭತ್ತ

ಸೆಪ್ಟೆಂಬರ್ 8ರಂದು ನಮ್ಮ ಮನೆಯ ಒಲೆಯ ಮೇಲೆ ಮೀನು ಏರುವುದಿಲ್ಲ. ಮಂಗಳೂರು ಕಡೆಯ ಕ್ರೈಸ್ತರ ಮನೆಯಲ್ಲಿ ಮೀನು ಮಾಂಸವಿಲ್ಲದ ಹಬ್ಬವೇ ಎಂದು ಘಟ್ಟದ ಮೇಲಿನ ಗೆಳೆಯರು ಈಗಲೂ ನಗುತ್ತಾರೆ. ನಗಲಿ. ಆ ದಿನ ನಮ್ಮಲ್ಲಿ ಬಾಳೆಲೆಯ ಊಟ. ಪದಾರ್ಥಗಳ ಲೆಕ್ಕ ಬೆಸವೇ ಆಗಬೇಕು: ಮೂರು, ಐದು, ಕೈ ನಡೆದರೆ ಏಳು. ಅಂಬಡೆ ಹಾಕಿದ ಕೆಸುವಿನ ದಂಟು, ಬೆಂಡೆ, ಹೀರೆ, ತೊಂಡೆ, ಹರಿವೆ, ಅಲಸಂಡೆ, ಸೌತೆ, ಹಿತ್ತಿಲು ಏನು ಕೊಟ್ಟಿದೆಯೋ ಅದು. ಕೊನೆಗೆ ತೆಂಗಿನ ಹಾಲು, ಬೆಲ್ಲದ ಪಾಯಸ.

ಇದು ಮೊಂತಿ ಹಬ್ಬ. ಯೇಸುವಿನ ತಾಯಿ ಮರಿಯಮ್ಮನ ಹುಟ್ಟಿದ ದಿನ. ನಮಗೆ ತೆನೆಹಬ್ಬವೂ ಹೌದು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಎಂಬ ಹಳೆಯ ಇಗರ್ಜಿಯಿದೆ. ‘ಮೊಂತಿ’ ಎಂಬ ಹೆಸರು ಅಲ್ಲಿಂದ ಬಂದದ್ದು, 1763ರಲ್ಲಿ ಅಲ್ಲಿನ ಗುರುಗಳೊಬ್ಬರು ಈ ಹಬ್ಬವನ್ನು ಆರಂಭಿಸಿದರು ಎಂದು ಹಿರಿಯರು ಹೇಳುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಇಗರ್ಜಿಗೆ ಹೋಗಿ ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ದಾಸವಾಳ, ಗೋರಂಟಿ, ಏನೂ ಸಿಗದಿದ್ದರೆ ಗದ್ದೆಯ ಬದುವಿನ ಕಾಡುಹೂವು. ಹಬ್ಬದ ದಿನ ಪೂಜೆಯಲ್ಲಿ ಭತ್ತದ ತೆನೆಗಳ ಆಶೀರ್ವಾದ ನಡೆದು ಪ್ರತಿ ಮನೆಗೆ ಕೆಲವು ತೆನೆ ಸಿಗುತ್ತವೆ. ಮಕ್ಕಳಿಗೆ ಕಬ್ಬು ಸಿಗುತ್ತದೆ. ನನ್ನ ಬಾಲ್ಯದ ಭಕ್ತಿಯಲ್ಲಿ ಕಬ್ಬಿನ ಪಾಲೆಷ್ಟಿತ್ತು ಎಂಬುದನ್ನು ಹೇಳದಿರುವುದೇ ವಾಸಿ.

ಮನೆಗೆ ತಂದ ತೆನೆಯ ಕಾಳು ಸುಲಿದು, ಪುಡಿಮಾಡಿ, ತೆಂಗಿನ ಹಾಲಿಗೆ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚಿದ ಮೇಲೆಯೇ ಊಟ. ನಮ್ಮ ನೆರೆಯ ತುಳುವರ ಮನೆಗಳಲ್ಲಿ ಪುದ್ವಾರ್ ಎಂಬ ಹೊಸ ಅಕ್ಕಿ ಊಟವಿದೆ, ಕೊಡಗಿನಲ್ಲಿ ಪುತ್ತರಿ ಇದೆ. ಹೊಸ ಅಕ್ಕಿಯನ್ನು ಕೈಮುಗಿಯದೆ ಉಣ್ಣಬಾರದೆಂಬುದು ಈ ಸೀಮೆಯ ಮಣ್ಣಿಗೇ ಗೊತ್ತಿರುವ ಸಂಗತಿ.

ನಮ್ಮ ಮನೆಯಲ್ಲಿ ಇದಕ್ಕೆ ಅಜ್ಜಿಯದೊಂದು ಕಾನೂನು ಸೇರಿತ್ತು. ಹೊಸ ಅಕ್ಕಿ ಬಾಯಿಗೆ ಹಾಕುವ ಮುನ್ನ ಪ್ರತಿಯೊಬ್ಬರೂ ಆ ವರ್ಷ ದೇವರಿಗೆ ಕೃತಜ್ಞತೆ ಹೇಳಬೇಕಾದ ಒಂದು ಸಂಗತಿಯನ್ನು ಗಟ್ಟಿಯಾಗಿ ಹೇಳಬೇಕು. ಒಂದೇ ಒಂದು. ‘ಎಲ್ಲದಕ್ಕೂ’ ಎಂದು ಹಾರಿಸಿ ಹೇಳಿದರೆ ನಡೆಯುತ್ತಿರಲಿಲ್ಲ.

1986ರಲ್ಲಿ ನನಗೆ ಹೇಳಲು ಒಂದೂ ಇರಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ಅಪ್ಪ ಹತ್ತೊಂಬತ್ತು ವರ್ಷ ದುಡಿದಿದ್ದ ಹೆಂಚಿನ ಕಾರ್ಖಾನೆ ಮುಚ್ಚಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ನದಿಗಳ ಜೇಡಿಮಣ್ಣು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತ್ತು. ಊರೆಲ್ಲ ತಾರಸಿ ಮನೆ ಕಟ್ಟತೊಡಗಿದ ಮೇಲೆ ಒಂದೊಂದೇ ಚಿಮಣಿ ಆರಿತು. ಉಳಿದದ್ದು ಮನೆಯೆದುರಿನ ಅರ್ಧ ಎಕರೆ ಗದ್ದೆ ಮತ್ತು ಅಮ್ಮ ಕಟ್ಟುವ ಬೀಡಿ. ಮಗ ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಓದುತ್ತಾನೆಂಬ ಆಸೆಯೂ ಇತ್ತೆನ್ನಿ. ಫಲಿತಾಂಶ ಬಂದ ದಿನ ಕಾಲೇಜಿನ ಫಲಕದಲ್ಲಿ ನನ್ನ ನಂಬರನ್ನು ಮೂರು ಸಲ ಹುಡುಕಿದೆ. ಭೌತಶಾಸ್ತ್ರದಲ್ಲಿ ನಾಪಾಸಾಗಿದ್ದೆ.

ಮನೆಗೆ ಹೋಗಲಿಲ್ಲ. ಪಾಣೆಮಂಗಳೂರಿನ ಹಳೆಯ ಸೇತುವೆಯ ತನಕ ನಡೆದು ಅಲ್ಲೇ ನಿಂತೆ. ಮಳೆ ಹಿಡಿದು ಕೆಲವೇ ದಿನವಾಗಿತ್ತು; ಕೆಳಗೆ ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಏನು ಯೋಚಿಸುತ್ತಿದ್ದೆನೆಂದು ಇಲ್ಲಿ ಬರೆಯುವುದಿಲ್ಲ. ಹದಿನೆಂಟರ ಮಕ್ಕಳು ಅಂಥ ಹೊತ್ತಿನಲ್ಲಿ ಏನು ಯೋಚಿಸಬಲ್ಲರೆಂಬುದು ಪ್ರತಿ ವರ್ಷ ಫಲಿತಾಂಶದ ಮರುದಿನದ ಪತ್ರಿಕೆ ಓದುವ ತಂದೆ ತಾಯಂದಿರಿಗೆ ಗೊತ್ತು. ಕತ್ತಲಾಗುತ್ತಿದ್ದಂತೆ ಕೊಡೆ ಹಿಡಿದ ಮುದುಕರೊಬ್ಬರು ಪಕ್ಕಕ್ಕೆ ಬಂದು, “ಮಗಾ, ಬೈಸಾರಿ ಆದ ಮೇಲೆ ನನಗೆ ಕಣ್ಣು ಕಾಣುವುದಿಲ್ಲ, ಆಚೆ ದಾಟಿಸುತ್ತೀಯಾ?” ಎಂದರು. ಕೈ ಹಿಡಿದು ದಾಟಿಸಿದೆ. ದಾರಿಯುದ್ದಕ್ಕೂ ಮಂಡಿನೋವಿನ ಪುರಾಣ. ಅವರ ಮನೆ ಮುಟ್ಟಿಸುವಷ್ಟರಲ್ಲಿ ನನ್ನ ಮನೆಗೆ ಅರ್ಧ ದಾರಿ ಬಂದುಬಿಟ್ಟಿದ್ದೆ. ಹಿಂದೆ ಹೋಗಲು ಕಾಲು ಬರಲಿಲ್ಲ.

ಗದ್ದೆಯ ಬದುವಿನ ಮೇಲೆ ಅಮ್ಮ ಲಾಟೀನು ಹಿಡಿದು ನಿಂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಏನೂ ಕೇಳಲಿಲ್ಲ. “ಕಾಲು ತೊಳಿ, ಜಪಕ್ಕೆ ಹೊತ್ತಾಯಿತು” ಎಂದಳು.

ಸಂಜೆಯ ಜಪಸರ ನಮ್ಮ ಮನೆಯಲ್ಲಿ ತಪ್ಪಿದ್ದಿಲ್ಲ. ಅಜ್ಜಿಯ ಕೈಯಲ್ಲಿ ಮಣಿ, ಅಮ್ಮನ ಮಡಿಲಲ್ಲಿ ಗೆರಸೆ. ಬೀಡಿ ಕಟ್ಟುವ ಕೈಗೆ ಮಣಿ ಹಿಡಿಯಲು ಪುರಸೊತ್ತು ಎಲ್ಲಿ? ಬಾಯಲ್ಲಿ ಪ್ರಾರ್ಥನೆ, ಬೆರಳಲ್ಲಿ ಎಲೆ, ಹೊಗೆಸೊಪ್ಪು, ನೂಲು. ಐವತ್ತು ನಮೋ ಮರಿಯಾ ಮುಗಿಯುವಾಗ ಇಪ್ಪತ್ತೈದರ ಎಷ್ಟು ಕಟ್ಟು ಆಗಿರಬೇಕೆಂಬ ಲೆಕ್ಕ ಅವಳಿಗಿತ್ತು. ಅದು ದೇವರಿಗೆ ಒಪ್ಪುವ ಭಕ್ತಿಯೇ ಎಂದು ಒಮ್ಮೆ ಚಿಕ್ಕಮ್ಮ ಆಕ್ಷೇಪಿಸಿದಾಗ, “ಅವನೂ ಬಡಗಿಯ ಕೆಲಸ ಮಾಡಿದವನಲ್ಲವಾ” ಎಂದಿದ್ದಳು.

ಆ ರಾತ್ರಿ ಜಪ ಮುಗಿದ ಮೇಲೆ ಅಮ್ಮ ಎಂದಿನಂತೆ ದಿನದ ಉಪಕಾರಗಳಿಗಾಗಿ ದೇವರಿಗೆ ವಂದನೆ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. “ಇವತ್ತು ಯಾವ ಉಪಕಾರಕ್ಕೆ?” ಎಂದು ಕೂಗಿದೆ. ಬೀಡಿಯ ನೂಲು ಬಿಗಿಯುತ್ತ ತಲೆ ಎತ್ತದೆ ಹೇಳಿದಳು: “ನೀನು ಮನೆಗೆ ಬಂದೆಯಲ್ಲ ಪುತಾ, ಅದಕ್ಕೆ.”

ಸೆಪ್ಟೆಂಬರ್ ಬಂತು. ಬಾಳೆಲೆಯ ಮುಂದೆ ಕುಳಿತೆವು. ಪದಾರ್ಥ ಮೂರೇ. ತಂಗಿ ಹೊಸ ಕೊಡೆಗೆ ಕೃತಜ್ಞತೆ ಹೇಳಿದಳು. ಅಪ್ಪನ ಸರದಿ ಬಂದಾಗ ಎಲ್ಲರೂ ಎಲೆ ನೋಡತೊಡಗಿದೆವು. ಅವರು ಗಂಟಲು ಸರಿಮಾಡಿಕೊಂಡು, “ಹತ್ತೊಂಬತ್ತು ವರ್ಷದ ಮೇಲೆ ಈ ಸಲ ನೇಜಿ ನೆಡುವಾಗ ನಾನು ಗದ್ದೆಯಲ್ಲಿದ್ದೆ” ಎಂದರು. ನನ್ನ ಸರದಿ. “ನನಗೆ ಏನೂ ಇಲ್ಲ” ಎಂದೆ. ಬೈಯುತ್ತಾರೆಂದುಕೊಂಡಿದ್ದೆ. ಅಜ್ಜಿ ಹೊಸ ಅಕ್ಕಿಯ ಹಾಲನ್ನು ನನ್ನ ಅಂಗೈಗೆ ಹಾಕಿ, “ಅಡ್ಡಿಯಿಲ್ಲ. ಬರುವ ವರ್ಷ ಎರಡು ಹೇಳು” ಎಂದರು.

ಅಪ್ಪ ಹಾಗೆಂದದ್ದನ್ನು ಕೇಳಿ, ಇವರೆಲ್ಲ ಬಂದದ್ದನ್ನು ಬಾಯಿಮುಚ್ಚಿ ಸಹಿಸುವ ಜನ ಎಂದುಕೊಳ್ಳಬೇಡಿ. ಅದೇ ಅಪ್ಪ ತಮ್ಮ ಗ್ರಾಚ್ಯುಯಿಟಿಗಾಗಿ ಸಂಘದವರೊಂದಿಗೆ ನಾಲ್ಕು ವರ್ಷ ಮಂಗಳೂರಿಗೆ ಅಲೆದು ಪಡೆದರು. ಬೀಡಿ ಬ್ರಾಂಚಿನವನು ಸರಿಯಿಲ್ಲವೆಂದು ಬದಿಗೆ ತೆಗೆದ ಬೀಡಿಗೆ ದುಡ್ಡೂ ಕೊಡದೆ, ಹಿಂದಕ್ಕೂ ಕೊಡದೆ ಇಟ್ಟುಕೊಳ್ಳುತ್ತಿದ್ದಾಗ, ಅಮ್ಮ ಅವನ ಮೇಜಿನೆದುರು ಅರ್ಧ ದಿನ ಕದಲದೆ ನಿಂತಿದ್ದಳು. ತೃಪ್ತಿಯನ್ನೂ ಹೇಡಿತನವನ್ನೂ ಒಂದೇ ಗೋಣಿಯಲ್ಲಿ ತುಂಬುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಕೆಲವು ಉಪದೇಶಗಳಲ್ಲೂ ಆ ತಪ್ಪು ನಡೆಯುತ್ತದೆ.

ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ನಾನು ಸರಿಯಾಗಿ ಓದಿದ್ದು ಆಮೇಲೆ. ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರುವುದನ್ನು ಕಲಿತೆನೆಂದು ಪೌಲ ಅದರಲ್ಲಿ ಬರೆಯುತ್ತಾನೆ. ಬರೆದದ್ದು ಸೆರೆಯಿಂದ, ಆ ಊರಿನ ಜನ ಕಳುಹಿಸಿದ ನೆರವು ಕೈಸೇರಿದ ಮೇಲೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕಲಿತೆ’ ಎಂಬ ಮಾತು. ಹುಟ್ಟುವಾಗಲೇ ಬಂದ ಗುಣವೆಂದು ಆತ ಹೇಳುವುದಿಲ್ಲ. ಭೌತಶಾಸ್ತ್ರದಂತೆ ಇದೂ ಕಲಿಯಬೇಕಾದದ್ದು, ಇದರಲ್ಲೂ ನಾಪಾಸಾಗಿ ಮತ್ತೆ ಕೂರಬಹುದು ಎಂದು ತಿಳಿದಾಗ ನನಗೆಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಮತ್ತೊಮ್ಮೆ ಕುಳಿತು ಭೌತಶಾಸ್ತ್ರ ದಾಟಿದೆ. ಅಂಕ ಹೇಳಿಕೊಳ್ಳುವಂಥದ್ದಲ್ಲ. ಮರುವರ್ಷ ನೆಂಟರೊಬ್ಬರ ಕೈಹಿಡಿದು ಬೊಂಬಾಯಿ ಸೇರಿ, ಅಂಧೇರಿಯ ಚಾಳಿನ ಒಂದು ಕೋಣೆಯಲ್ಲಿ ಆರು ಜನರ ನಡುವೆ ಚಾಪೆ ಹಾಸಿದೆ.

ನಮ್ಮಲ್ಲಿ ಹಬ್ಬಕ್ಕೆ ಬರಲಾಗದವರ ಪಾಲನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯಿದೆ. 1987ರ ಸೆಪ್ಟೆಂಬರಿನಲ್ಲಿ ನನಗೂ ಒಂದು ಲಕೋಟೆ ಬಂತು. ಒಳಗೆ ಕಾಗದದಲ್ಲಿ ಮಡಚಿದ ಏಳು ಭತ್ತದ ಕಾಳು, ತಂಗಿಯ ಅಕ್ಷರದಲ್ಲಿ ನಾಲ್ಕು ಸಾಲು. ಕೊನೆಯಲ್ಲಿ, “ನಿನ್ನದು ಎರಡು ಬಾಕಿ ಇದೆಯಂತೆ, ಅಜ್ಜಿ ನೆನಪು ಮಾಡಲು ಹೇಳಿದ್ದಾರೆ.” ಆರೆ ಬೂತಿನಿಂದ ಹಾಲು ತಂದೆ. ಉಗುರಿನಿಂದ ಸಿಪ್ಪೆ ತೆಗೆದು ಅಕ್ಕಿಯನ್ನು ಹಾಲಿಗೆ ಹಾಕಿದೆ. ಕೋಣೆಯಲ್ಲಿ ಕಾರ್ಕಳದ ಕಡೆಯ ಬಂಟರ ಹುಡುಗನೊಬ್ಬನಿದ್ದ, ಹೋಟೆಲಿನಲ್ಲಿ ಕೆಲಸ. ಅವನ ಮನೆಯ ಪುದ್ವಾರ್ ಊಟಕ್ಕೂ ಅವನು ಹೋಗುವಂತಿರಲಿಲ್ಲ. ಲೋಟವನ್ನು ಅವನಿಗೂ ಕೊಟ್ಟೆ. ಕುಡಿಯುವ ಮುನ್ನ ಏನೋ ಹೇಳಬೇಕಂತಲ್ಲ ಎಂದು ಕೇಳಿದ. ಹೇಳಿದೆ: ಸೇತುವೆ ದಾಟಿಸಲು ಕೇಳಿದ ಮುದುಕರು ಒಂದು. ಲಾಟೀನು ಎರಡು. ಅವನಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ನಮ್ಮ ಕೊಂಕಣಿಯಲ್ಲಿ ‘ಥ್ಯಾಂಕ್ಸ್’ ಎನ್ನಲು ‘ದೇವ್ ಬರೆಂ ಕರುಂ’ ಎನ್ನುತ್ತೇವೆ. ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಅರ್ಥ. ಆ ಮುದುಕರಿಗೆ ನಾನದನ್ನು ಹೇಳಲಿಲ್ಲ. ನನಗೆ ಉಪಕಾರವಾದದ್ದೇ ಅಂದು ತಿಳಿದಿರಲಿಲ್ಲ. ಅವರ ಹೆಸರೂ ಗೊತ್ತಿಲ್ಲ. ಸಂಜೆ ಜಪದ ಕೊನೆಯಲ್ಲಿ ಅವರಿಗಾಗಿ ಒಂದು ಮಾತು ಸೇರಿಸುವ ಅಭ್ಯಾಸ ಈಗಲೂ ಇದೆ.

ಅಪ್ಪ, ಅಜ್ಜಿ ಇಬ್ಬರೂ ಈಗಿಲ್ಲ. ಗದ್ದೆಯಲ್ಲಿ ಅಡಿಕೆ ನಿಂತಿದೆ. ಇಗರ್ಜಿಗೆ ತೆನೆ ಬೇರೆ ಊರಿನಿಂದ ಬರುತ್ತದೆ. ಬೆಳೆಯದ ಭತ್ತಕ್ಕೆ ಹಬ್ಬವೇಕೆ ಎಂದು ಒಮ್ಮೆ ನಾನೇ ಗೊಣಗಿದೆ. “ನಾವು ಬೆಳೆಯದಿದ್ದರೆ ಯಾರೋ ಬೆಳೆದಿದ್ದಾರಲ್ಲ” ಎಂದಳು ಅಮ್ಮ. ಅವಳಿಗೀಗ ಎಂಬತ್ತೆರಡು. ಬೀಡಿ ಬಿಟ್ಟು ಮಣಿ ಹಿಡಿದು ಹತ್ತು ವರ್ಷವಾಯಿತು, ಆದರೂ ಜಪದ ಹೊತ್ತಿನಲ್ಲಿ ಬೆರಳು ನೂಲು ಸುತ್ತುವಂತೆ ಆಡುತ್ತದೆ.

ಇಷ್ಟೆಲ್ಲ ಬರೆದ ನಾನೇ 2024ರಲ್ಲಿ ಏನು ಮಾಡಿದೆ ಕೇಳಿ. ಬೆಂಗಳೂರಿನ ಹಾಸ್ಟೆಲಿನಿಂದ ಮಗ ಫೋನು ಮಾಡಿ ಒಂದು ವಿಷಯ ಹೋಯಿತೆಂದ. ನಾನು ಕೂಗಾಡಿದೆ. ಪಕ್ಕದ ಮನೆಯವರ ಮಗನ ಅಂಕಗಳನ್ನು ಬಾಯಿಪಾಠ ಒಪ್ಪಿಸಿದೆ. ಫೀಸಿನ ಲೆಕ್ಕ ಹೇಳಿದೆ. ಆ ಕಡೆ ಮೌನ. ಮೂಲೆಯಲ್ಲಿ ಕುಳಿತಿದ್ದ ಅಮ್ಮ, “ಊಟ ಆಯಿತಾ ಕೇಳು” ಎಂದಳು. ನನಗೆ ಕೇಳಿಸದಂತಾಯಿತು. ಇನ್ನೊಮ್ಮೆ, ಗಟ್ಟಿಯಾಗಿ: “ಅವನ ಊಟ ಆಯಿತಾ ಕೇಳು ಪುತಾ.” ಕೇಳಿದೆ. ಆಗಿರಲಿಲ್ಲ. ಹೋಗಿ ಊಟ ಮಾಡು, ಆಮೇಲೆ ಮಾತಾಡೋಣ ಎಂದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿತು.

ಆ ವರ್ಷದ ತೆನೆಯಿಂದ ಅಮ್ಮನೇ ಕಾಳು ಬಿಡಿಸಿ ಎಣಿಸಿದಳು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆ. ಮೂರನೇ ದಿನ ಮೊಬೈಲಿಗೆ ಮಗನ ಸಂದೇಶ ಬಂತು. ಅಮ್ಮನಿಗೆ ಓದಿ ಹೇಳಿದೆ:

“ಏಳು ಕಾಳು ಸಿಕ್ಕಿತು. ಹಾಲು ಮೆಸ್ಸಿನದು. ರೂಮಿನಲ್ಲಿ ಬೀದರಿನವನೊಬ್ಬ ಇದ್ದಾನೆ, ಅವನಿಗೆ ಎರಡು ಕೊಟ್ಟೆ. ಈ ಸಲ ಹೇಳಲು ಏನೂ ಹೊಳೆಯಲಿಲ್ಲ ಅಂತ ಅಜ್ಜಿಗೆ ಹೇಳಿ.”

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಅಡ್ಡಿಯಿಲ್ಲ ಅಂತ ಬರಿ. ಎರಡು ಬಾಕಿ ಅಂತಲೂ ಬರಿ” ಎಂದಳು.