ಎರಡಕ್ಷರ ಹೆಚ್ಚಿಗೆ

ರಾಮಥಾಳ ಎಂಬ ಊರಿನ ಹೆಸರನ್ನು ಬರೆಯುವಾಗ ಥ, ಆಡುವಾಗ ತ. ಹುನಗುಂದದ ಬಸ್ಸಿನಲ್ಲಿ 'ರಾಮತಾಳ ಒಂದ ಕೊಡ್ರಿ' ಎಂದರೆ ಯಾವ ಕಂಡಕ್ಟರೂ ಮಹಾಪ್ರಾಣ ಎಲ್ಲಿ ಹೋಯಿತೆಂದು ಕೇಳುವುದಿಲ್ಲ. ನಾಲಿಗೆ ಇಳಿಸಿದ ಭಾರವನ್ನು ಕೈ ಯಾಕೆ ಹೊರಬೇಕು? ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರ ಹೊಸಬರಹ ಕೇಳಿದ್ದೂ ಇದನ್ನೇ. ಮಹಾಪ್ರಾಣ, ಋ, ಷ ಬಿಡೋಣ ಎಂದವರು ತಮ್ಮ ಹೆಸರಿನ ಭಟ್ಟನನ್ನೇ ಮೊದಲು ಬಟ್ ಮಾಡಿಕೊಂಡರು.

ಚೀನಾದಲ್ಲಿ ಈ ಕೆಲಸವನ್ನು ಸರ್ಕಾರವೇ ಮಾಡಿತು. 1956ರ ಯೋಜನೆಯ ನಂತರ ಕುದುರೆ ಎಂಬುದರ ಹತ್ತು ಗೀಟಿನ ಅಕ್ಷರ ಮೂರು ಗೀಟಿಗೆ ಇಳಿಯಿತು. ಕೂದಲಿಗೊಂದು, ಹೊರಡಿಸುವುದಕ್ಕೊಂದು ಇದ್ದ ಬೇರೆ ಬೇರೆ ಅಕ್ಷರಗಳು ಒಂದೇ ಆದವು. ತೈವಾನ್, ಹಾಂಗ್‌ಕಾಂಗ್‌ಗಳು ಹಳೆಯದನ್ನೇ ಉಳಿಸಿಕೊಂಡವು. ಇನ್ನಷ್ಟು ಸರಳ ಮಾಡಲು 1977ರಲ್ಲಿ ಹೊರಟ ಎರಡನೇ ಪಟ್ಟಿ ಜನಕ್ಕೆ ಒಗ್ಗಲಿಲ್ಲ. 1986ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಸರಳತೆಗೂ ಒಂದು ಮಿತಿ ಇದೆ.

ನಮ್ಮಲ್ಲಿ ಆಜ್ಞೆಯೇ ಬೇಕಾಗಲಿಲ್ಲ. ಹಳಗನ್ನಡದ ಱ ಮತ್ತು ೞ ಸದ್ದಿಲ್ಲದೆ ಜಾರಿಕೊಂಡವು. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಈಗ ಎರಡಕ್ಕೂ ಒಂದೇ ಅರಿ. ಮೞೆ ಮಳೆಯಾಯಿತು. ಅದರಿಂದ ಮಳೆಯೇನೂ ಕಡಿಮೆ ಬೀಳಲಿಲ್ಲ, ಹಳೆಯ ಪುಸ್ತಕ ಮಾತ್ರ ಅಪರಿಚಿತವಾಯಿತು. ತಮಿಳರು ಆ ಎರಡನ್ನೂ ಇಂದಿಗೂ ಶಾಲೆಯಲ್ಲೇ ಕಲಿಯುತ್ತಾರೆ.

ಕಳೆದ ಬೇಸಿಗೆಯಲ್ಲಿ ಅಣ್ಣನ ಮಗನನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ತಟ್ಟುಕೋಟಿ ಕಡೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ನೋಡಿ, 'ಕಾಕಾ, ಇದು ಕನ್ನಡ ಅಲ್ಲ ಬಿಡ್ರಿ' ಅಂದ. ಕನ್ನಡದ ಮೊದಲ ತ್ರಿಪದಿಗಳು ಇರುವುದೇ ಅಲ್ಲಿ, ಸುಮಾರು ಕ್ರಿ.ಶ. 700ರವು. 'ಕುದುರೆ ಲಾಳದಂಥದ್ದು ಹುಡುಕು, ಅದು ಗ' ಎಂದೆ. ಒಂದು ಸಿಕ್ಕಿತು, ಇನ್ನೊಂದು ಸಿಕ್ಕಿತು. ಆಮೇಲೆ ಗುಡಿಸಿನ ಸುಳಿವು ಹಿಡಿದು 'ಗಿ' ಇರಬಹುದೇ ಎಂದು ತಾನೇ ವಾದಕ್ಕೆ ನಿಂತ. ಮೂರನೆಯ ಗುಹೆಗೆ ಬಂದಾಗ 578ರ ಚಾಲುಕ್ಯ ಮಂಗಲೇಶನ ಸಂಸ್ಕೃತ ಶಾಸನದಲ್ಲೂ ಗಕಾರಗಳ ಬೇಟೆ ನಡೆದೇ ಇತ್ತು. ಭಾಷೆ ಯಾವುದಾದರೇನು, ಲಿಪಿ ನಮ್ಮದೇ ಹಿರಿಯರದು. ನಮ್ಮ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಸಂಸ್ಕೃತ ಕಾವ್ಯವೂ ಕೂತಿರುವುದು ಇದೇ ಲಿಪಿಯಲ್ಲಿ.

ಬರೆಯುವವರಿಗೆ ಎಷ್ಟು ಬೇಕೋ ಅಷ್ಟು ಹಗುರವಾಗಲಿ; ರಾಮತಾಳ ಎಂದು ಬರೆದರೂ ಊರು ಎಲ್ಲಿಗೂ ಹೋಗುವುದಿಲ್ಲ. ಆದರೆ ಓದುವವರಿಗೆ ಹಳೆಯದು ಗೊತ್ತಿರಲಿ. ಬರೆಯುವ ಲಿಪಿ ಒಂದೇ ಸಾಕು, ಓದುವ ಲಿಪಿ ಎರಡು ಇರಬೇಕು. ಬಾಗಲಕೋಟೆ ಜಿಲ್ಲೆಯ ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದೇ ಕೋರಿಕೆ: ಮಕ್ಕಳನ್ನು ಬಾದಾಮಿ, ಐಹೊಳೆ ಪ್ರವಾಸಕ್ಕೆ ಕರೆದೊಯ್ಯುವ ಹಿಂದಿನ ದಿನ ಕರಿಹಲಗೆಯ ಮೇಲೆ ಹಳೆಯ ಲಿಪಿಯ ನಾಲ್ಕು ಅಕ್ಷರ ಬರೆಯಿರಿ, ಜೊತೆಗೆ ಱ, ೞ ಎರಡನ್ನೂ ಸೇರಿಸಿರಿ. ಒಂದು ಪೀರಿಯಡ್ ಸಾಕು.